ಸಾಲ, ವಸೂಲಿ ಮತ್ತು ಬುದ್ಧ

ಸೋದರತ್ತೆ ಚಿತ್ರದುರ್ಗದವರು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು, ಪಾಲಿ ಗ್ರಂಥಗಳನ್ನು ಓದಿಕೊಂಡವರು. ಅಳಿಯ ಬೆಂಗಳೂರಿನಲ್ಲಿ ಸಾಲ ಕೊಡುವ ಕಂಪನಿಯೊಂದರ ವಸೂಲಿ ವಿಭಾಗದಲ್ಲಿದ್ದಾನೆ. ಈಚೆಗೆ ಹತ್ತು ದಿನದ ವಿಪಶ್ಯನಾ ಶಿಬಿರ ಮುಗಿಸಿ ಬಂದಿದ್ದಾನೆ.

ಅಳಿಯ: ಅತ್ತೆ, ಶಿಬಿರದಲ್ಲಿ ಮನಸ್ಸು ತಿಳಿಯಾಗಿತ್ತು. ವಾಪಸು ಬಂದು ಕೆಲಸಕ್ಕೆ ಕೂತು ಮೊದಲ ಕರೆ ಮಾಡಿದ್ದೇ ತಡ, ಎಲ್ಲ ಕಲಕಿಹೋಯಿತು. ಆ ಕಡೆಯ ಹೆಂಗಸು ಗಂಡನಿಗೆ ಹುಷಾರಿಲ್ಲ, ಈ ತಿಂಗಳ ಕಂತು ಆಗುವುದಿಲ್ಲ ಅಂದರು. ಪರದೆಯ ಮೇಲೆ ಬರೆದಿಟ್ಟಿದ್ದ ಮಾತನ್ನೇ ನಾನು ಓದಿದೆ. ಧ್ಯಾನ ಇಷ್ಟು ಬೇಗ ಕೈಕೊಡುತ್ತದೆಯೇ?

ಅತ್ತೆ: ಎಲ್ಲಿ ಕೈಕೊಟ್ಟಿತು? ಮುಂಚೆ ಅದೇ ಮಾತು ಓದುವಾಗ ನಿನಗೆ ಏನೂ ಅನ್ನಿಸುತ್ತಿರಲಿಲ್ಲ, ಈಗ ಅನ್ನಿಸಿತು. ಧ್ಯಾನ ತನ್ನ ಕೆಲಸ ಮಾಡಿದೆ ಕಣೋ. ಶಿಬಿರಕ್ಕೆ ಸೇರಿದ ಸಂಜೆ ನಿನ್ನಿಂದ ಮೊದಲು ಏನು ಹೇಳಿಸಿದರು?

ಅಳಿಯ: ಪಂಚಶೀಲ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ, ಹೀಗೆ.

ಅತ್ತೆ: ಅದಾದ ಮೇಲೆ ತಾನೇ ಉಸಿರು ನೋಡಲು ಕೂರಿಸಿದ್ದು? ಆ ಕ್ರಮವನ್ನು ಸುಮ್ಮನೆ ಇಟ್ಟಿಲ್ಲ. ಈ ಶಿಬಿರಗಳನ್ನು ನಮ್ಮಲ್ಲಿ ಹರಡಿದ ಗೋಯೆಂಕಾ ಅವರ ಗುರು ಊ ಬಾ ಖಿನ್ ಸನ್ಯಾಸಿಯಲ್ಲ, ಸರ್ಕಾರಿ ನೌಕರ. ಬರ್ಮಾ 1948ರಲ್ಲಿ ಸ್ವತಂತ್ರವಾದಾಗ ಆ ದೇಶದ ಅಕೌಂಟೆಂಟ್ ಜನರಲ್ ಆದವರು. ತಮ್ಮ ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಕೇಂದ್ರ ತೆರೆದರು. ವ್ಯಾಪಾರಿಯಾಗಿದ್ದ ಗೋಯೆಂಕಾ ಅರೆತಲೆನೋವು ತಾಳಲಾರದೆ ಅವರ ಹತ್ತಿರ ಹೋದಾಗ, ಬರೀ ತಲೆನೋವಿಗೆ ಮದ್ದು ಬೇಕಾದರೆ ಇಲ್ಲಿಗೆ ಬರಬೇಡ ಎಂದುಬಿಟ್ಟರಂತೆ. ನನಗೆ ಆ ನಿಷ್ಠುರ ತುಂಬ ಇಷ್ಟ.

ಅಳಿಯ: ಹಾಗಾದರೆ ನಮ್ಮ ಕಂಪನಿ ಮಾಡುತ್ತಿರುವುದೂ ಒಳ್ಳೆಯದೇ ಅಲ್ಲವೇ? ಎಲ್ಲರ ಫೋನಿಗೂ ಧ್ಯಾನದ ಆ್ಯಪ್ ಹಾಕಿಸಿದ್ದಾರೆ. ಮಧ್ಯಾಹ್ನ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇವೆ, ಆಮೇಲೆ ಕರೆಗಳು ಶುರು.

ಅತ್ತೆ: ಉಸಿರು ನೋಡುವುದನ್ನು ನಾನು ಬೇಡವೆನ್ನಲಾರೆ. ಆದರೆ ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸ್ಮೃತಿ, ಅಂದರೆ ಎಚ್ಚರದಿಂದ ನೋಡುವುದು, ಏಳನೆಯದು. ಅದಕ್ಕಿಂತ ಮುಂಚೆ ಮಾತು, ನಡತೆ, ಆಜೀವ ಇವೆ. ಆಜೀವ ಅಂದರೆ ಹೊಟ್ಟೆಪಾಡು, ನೀನು ಅನ್ನ ಸಂಪಾದಿಸುವ ರೀತಿ. ಆ ಮೂರನ್ನೂ ಕಿತ್ತುಹಾಕಿ ಏಳನೆಯದನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ ಹೇಳು. ಮಾಡಬಾರದ ಕೆಲಸವನ್ನು ನೆಮ್ಮದಿಯಿಂದ ಮಾಡುವ ಅಭ್ಯಾಸವಾಗುತ್ತದೆ. ಬುದ್ಧನ ಹೆಸರಿನಲ್ಲಿ ಅದು ನಡೆಯುವುದು ಕಂಡರೆ ನನಗೆ ಸಂಕಟ.

ಅಳಿಯ: ಮಾಡಬಾರದ ಕೆಲಸ ಅಂದುಬಿಟ್ಟಿರಿ. ಉಪಾಸಕರು ಮಾಡಬಾರದ ವ್ಯಾಪಾರ ಐದು ಅಂತ ನೀವೇ ಹೇಳಿದ್ದಿರಿ: ಆಯುಧ, ಜೀವಿಗಳು, ಮಾಂಸ, ಅಮಲು, ವಿಷ. ಅದರಲ್ಲಿ ಸಾಲ ಇಲ್ಲ.

ಅತ್ತೆ: ಇಲ್ಲ, ನಿಜ. ಸಾಲ ಕೊಡುವುದನ್ನು ಬುದ್ಧ ನಿಷೇಧಿಸಲಿಲ್ಲ. ಜೇತವನವನ್ನು ಕೊಂಡು ಸಂಘಕ್ಕೆ ಕೊಟ್ಟ ಅನಾಥಪಿಂಡಿಕನೇ ದೊಡ್ಡ ಸಾಹುಕಾರ. ವ್ಯಾಪಾರಿಗಳಿಗೆ ಅವನು ಕೊಟ್ಟಿದ್ದ ಹದಿನೆಂಟು ಕೋಟಿ ವಾಪಸು ಬರದೆ ಮನೆಯಲ್ಲಿ ಗಂಜಿಗೆ ಇಳಿದನೆಂದು ಜಾತಕದ ಅಟ್ಠಕಥೆ, ಅಂದರೆ ವ್ಯಾಖ್ಯಾನ, ಹೇಳುತ್ತದೆ. ಕೊನೆಗೆ ಅವನ ಮನೆಬಾಗಿಲ ಮೇಲೆ ವಾಸವಿದ್ದ ದೇವತೆಯೇ ಗುಮಾಸ್ತನ ವೇಷ ತೊಟ್ಟು, ಸಾಲಪತ್ರ ಹಿಡಿದು ಹೋಗಿ, ಅಷ್ಟನ್ನೂ ತಂದೊಪ್ಪಿಸುತ್ತಾಳೆ.

ಅಳಿಯ: ವಸೂಲಿಗೆ ದೇವತೆಯೇ ಹೋದಳು! ಹಾಗಾದರೆ ನನ್ನ ಕೆಲಸಕ್ಕೇನು ಕೊರತೆ?

ಅತ್ತೆ: ಯಾರ ಹತ್ತಿರ ಹೋದಳು ನೋಡು. ದುಡ್ಡಿದ್ದೂ ಕೊಡದೆ ಕೂತ ವ್ಯಾಪಾರಿಗಳ ಹತ್ತಿರ. ನೀನು ಕರೆ ಮಾಡುವವರು ಯಾರು?

ಅಳಿಯ: ಎಲ್ಲರೂ ಇದ್ದಾರೆ. ಇದ್ದೂ ಕೊಡದವರೂ ಇದ್ದಾರೆ, ಸುಳ್ಳು ಹೇಳುವವರೂ ಇದ್ದಾರೆ ಅತ್ತೆ. ಆದರೆ ಹೆಚ್ಚಿನವರು ಡೆಲಿವರಿ ಹುಡುಗರು, ಗಾರ್ಮೆಂಟ್ಸ್ ಹೆಂಗಸರು, ತರಕಾರಿ ಗಾಡಿಯವರು. ಒಂದು ಸಾಲ ತೀರಿಸಲು ಇನ್ನೊಂದು ಆ್ಯಪ್‌ನಲ್ಲಿ ಸಾಲ, ಅದಕ್ಕೆ ಮತ್ತೊಂದು.

ಅತ್ತೆ: ಅವರ ವಿಷಯ ಹೇಳುವ ಒಂದು ಸುತ್ತ, ಅಂದರೆ ಬುದ್ಧನ ಉಪದೇಶ, ಇದೆ, ಅಂಗುತ್ತರ ನಿಕಾಯದಲ್ಲಿ. ಹೆಸರೇ ಇಣ ಸುತ್ತ, ಅಂದರೆ ಋಣದ ಸುತ್ತ. ಬುದ್ಧ ಭಿಕ್ಷುಗಳನ್ನು ಕೂರಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಾನೆ. ಸಂಸಾರಿಗೆ ಬಡತನ ದುಃಖ ಹೌದೇ? ಹೌದು. ಬಡವ ಸಾಲ ಮಾಡುತ್ತಾನೆ, ಆ ಸಾಲ ದುಃಖ ಹೌದೇ? ಹೌದು. ಬಡ್ಡಿಗೆ ಒಪ್ಪುತ್ತಾನೆ, ಅದೂ ದುಃಖ. ಹೊತ್ತಿಗೆ ಕಟ್ಟದಿದ್ದರೆ ಬಾಯಿಮಾಡಿ ಕೇಳುತ್ತಾರೆ, ಆಮೇಲೆ ಬೆನ್ನು ಹತ್ತುತ್ತಾರೆ, ಕಡೆಗೆ ಕಟ್ಟಿಹಾಕುತ್ತಾರೆ. ಒಂದೊಂದೂ ದುಃಖ. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ, ಭಿಕ್ಷಾಪಾತ್ರೆ ಬಿಟ್ಟರೆ ಏನೂ ಇಲ್ಲದ ಮನುಷ್ಯ, ಸಾಲಗಾರನ ಬಾಳನ್ನು ಇಷ್ಟು ಹತ್ತಿರದಿಂದ ನೋಡಿದ್ದಾನೆ. ಬುದ್ಧ ಹೇಳಿದ ದುಃಖ ಅಂದಕೂಡಲೇ ಜನ ಮುಪ್ಪು, ಸಾವು ಅಂತ ಮೇಲೆ ನೋಡುತ್ತಾರೆ. ಮನೆ ಮುಂದೆ ಬಂದು ನಿಂತ ವಸೂಲಿಗಾರನೂ ಅವನ ಪಟ್ಟಿಯಲ್ಲಿದ್ದಾನೆ.

ಅಳಿಯ: ಬೆನ್ನು ಹತ್ತುವುದು. ನಮ್ಮಲ್ಲಿ ಅದಕ್ಕೆ ಫಾಲೋಅಪ್ ಅನ್ನುತ್ತೇವೆ.

ಅತ್ತೆ: ಸುತ್ತ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಿಸುತ್ತಾನೆ, ಈ ಸಲ ಮನಸ್ಸಿನೊಳಗೆ. ಶ್ರದ್ಧೆ, ನಾಚಿಕೆ, ವಿವೇಕ ಇಲ್ಲದವನೇ ಬಡವ. ಅವನು ಮಾಡುವ ಕೆಟ್ಟ ಕೆಲಸವೇ ಸಾಲ, ಅದನ್ನು ಮುಚ್ಚಿಡುವುದೇ ಬಡ್ಡಿ. ಒಬ್ಬನೇ ಕೂತಾಗ ಹಿಂಬಾಲಿಸಿ ಬರುವ ಪಶ್ಚಾತ್ತಾಪವೇ ಬೆನ್ನು ಹತ್ತಿದ ವಸೂಲಿಗಾರ.

ಅಳಿಯ: ಅಂದರೆ ಹಗಲು ನಾನು ಅವರ ಬೆನ್ನು ಹತ್ತುತ್ತೇನೆ, ರಾತ್ರಿ ಅದು ನನ್ನ ಬೆನ್ನು ಹತ್ತುತ್ತದೆ.

ಅತ್ತೆ: ನೀನು ಶಿಬಿರಕ್ಕೆ ಹೋದದ್ದೇ ಅದಕ್ಕಲ್ಲವೇ? ಅನಾಥಪಿಂಡಿಕನಿಗೆ ಬುದ್ಧ ಸಂಸಾರಿಯ ನಾಲ್ಕು ಸುಖ ಹೇಳಿದ. ದುಡಿದು ಗಳಿಸಿದ್ದು ಇದೆ ಎಂಬ ಸುಖ, ಅದನ್ನು ಉಣ್ಣುವ ಸುಖ, ಯಾರಿಗೂ ಸಾಲ ಕೊಡಬೇಕಾಗಿಲ್ಲ ಎಂಬ ಸುಖ, ಮೈಯಲ್ಲಿ ಮಾತಿನಲ್ಲಿ ಮನಸ್ಸಿನಲ್ಲಿ ನಿಂದೆಗೆ ಆಸ್ಪದವಿಲ್ಲ ಎಂಬ ಸುಖ. ಮೊದಲ ಮೂರೂ ಸೇರಿ ಈ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೂ ಸಮವಲ್ಲ ಅಂತ ಲೆಕ್ಕ ಕಟ್ಟಿದ. ಮೊದಲ ಮೂರನ್ನು ಅವನು ತಳ್ಳಿಹಾಕಿಲ್ಲ, ಅದನ್ನೂ ಗಮನಿಸು. ಹಣವಿರುವುದು ಸುಖವೇ. ಆದರೆ ನಿನ್ನ ಸಂಬಳ ಮೊದಲ ಎರಡು ಸುಖ ಕೊಡುತ್ತಿದೆ, ನಾಲ್ಕನೆಯದನ್ನು ತಿನ್ನುತ್ತಿದೆ.

ಅಳಿಯ: ಮೂರನೆಯದೂ ನನಗಿಲ್ಲ. ಫ್ಲ್ಯಾಟ್ ಸಾಲ ಇನ್ನೂ ಹದಿನೇಳು ವರ್ಷ ಇದೆ. ಇರಲಿ, ನನ್ನದೊಂದು ತಕರಾರಿದೆ. ಸಾಲಗಾರನ ದುಃಖ ಅಷ್ಟು ಗೊತ್ತಿದ್ದ ಬುದ್ಧ, ಸಾಲಗಾರನಿಗೆ ಸಂಘದಲ್ಲಿ ಜಾಗ ಯಾಕೆ ಕೊಡಲಿಲ್ಲ? ಶಿಬಿರದಲ್ಲಿ ಜೊತೆಗಿದ್ದವರೊಬ್ಬರು ಹೇಳಿದರು. ದೀಕ್ಷೆ ಕೊಡುವಾಗ ಕೇಳುತ್ತಾರಂತೆ, ಸಾಲವಿಲ್ಲ ತಾನೇ ಎಂದು.

ಅತ್ತೆ: ಕೇಳುತ್ತಾರೆ, ಇವತ್ತಿಗೂ. ಸಾಲ ಮಾಡಿದವನೊಬ್ಬ ಓಡಿಬಂದು ಭಿಕ್ಷುವಾದ. ಸಾಹುಕಾರರು ನೋಡಿ ಗಲಾಟೆ ಮಾಡಿದರು. ಆಮೇಲೆ ಈ ನಿಯಮ ಬಂತು. ದಾಸರಿಗೂ ಹಾಗೆಯೇ, ಯಜಮಾನ ಬಿಡುಗಡೆ ಮಾಡದೆ ದೀಕ್ಷೆಯಿಲ್ಲ. ಊರು ಹಾಕುವ ಅನ್ನದಿಂದ ಬದುಕುವ ಸಂಘ ಊರಿನ ಕಾನೂನನ್ನು ಎದುರು ಹಾಕಿಕೊಳ್ಳಲಾರದು, ಸಾಲ ಮುಳುಗಿಸಲು ಕಾವಿ ಉಡುವವರಿಗೂ ತಡೆ ಬೇಕು, ಎಂದೆಲ್ಲ ಕಾರಣ ಹೇಳಬಹುದು. ಹೇಳಿದರೂ ನೋಯುವುದು ತಪ್ಪುವುದಿಲ್ಲ. ಜೀತಕ್ಕೆ ಬಿದ್ದವನಿಗೆ ಆ ಬಾಗಿಲು ಮುಚ್ಚಿತ್ತು. ಬುದ್ಧನನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬಾರದು.

ಅಳಿಯ: ನೀವು ಒಪ್ಪುತ್ತೀರೆಂದು ಅಂದುಕೊಂಡಿರಲಿಲ್ಲ.

ಅತ್ತೆ: ಒಪ್ಪದೆ ಹೇಗೆ? ಆದರೆ ಆ ಪರಂಪರೆಯೇ ಇನ್ನೊಂದು ದನಿಯನ್ನೂ ಉಳಿಸಿಕೊಂಡಿದೆ. ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥಾದಲ್ಲಿ ಇಸಿದಾಸಿ ಎಂಬ ಭಿಕ್ಷುಣಿ ತನ್ನ ಹಿಂದಿನ ಜನ್ಮ ನೆನೆಯುತ್ತಾಳೆ. ಸಾಲದಲ್ಲಿ ಮುಳುಗಿದ ಗಾಡಿ ಹೊಡೆಯುವವನ ಮಗಳು ಅವಳು. ಬಡ್ಡಿ ಬೆಳೆದು ಬೆಟ್ಟವಾದಾಗ ವರ್ತಕನೊಬ್ಬ ಬಂದು, ಅಳುತ್ತಿದ್ದ ಹುಡುಗಿಯನ್ನು ಮನೆಯಿಂದ ಎಳೆದುಕೊಂಡು ಹೋದ. ಬಾಕಿಗೆ ಮಗಳು ಜಪ್ತಿ. ನಮಗಿದು ದೂರದ ಕತೆಯಲ್ಲ. ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಅಲ್ಲಿಯೂ ಅಪ್ಪನ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಜೀತವನ್ನು ರದ್ದು ಮಾಡುವ ಕಾನೂನು ದೇಶಕ್ಕೆ ಬಂದದ್ದು 1976ರಲ್ಲಿ. ಅದಾಗಲೇ ನಾನು ಹುಟ್ಟಿದ್ದೆ ಮಾರಾಯ. ಇನ್ನು 2025ರ ಫೆಬ್ರುವರಿ ನಿನಗೇ ಗೊತ್ತಲ್ಲ. ಮೈಕ್ರೋಫೈನಾನ್ಸ್ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಪ್ರಾಣ ಕಳೆದುಕೊಂಡರು. ಆಮೇಲೆ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೂ ಜೈಲು.

ಅಳಿಯ: ನಮ್ಮ ಟ್ರೈನಿಂಗ್‌ನಲ್ಲೂ ಅದನ್ನು ಹೇಳಿದರು. ಆದರೆ ಒಬ್ಬ ಹಿರಿಯ ಸಹೋದ್ಯೋಗಿ ಪಕ್ಕಕ್ಕೆ ಕರೆದು ಹೇಳಿದ ಮಾತು ಬೇರೆ. ‘ಅವರವರು ಪಡೆದುಕೊಂಡು ಬಂದದ್ದು, ನೀನು ಯಾಕೆ ತಲೆ ಕೆಡಿಸಿಕೊಳ್ಳುತ್ತೀ? ಬುದ್ಧನೂ ಕರ್ಮ ಅಂದಿದ್ದಾನಲ್ಲ’ ಅಂತ.

ಅತ್ತೆ: ಅದಕ್ಕೆ ಬುದ್ಧನೇ ಉತ್ತರ ಕೊಟ್ಟಿದ್ದಾನೆ. ಸೀವಕ ಎಂಬ ಪರಿವ್ರಾಜಕ ಕೇಳಿದ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರೆ ಕೆಲವರು, ನೀವೇನು ಹೇಳುತ್ತೀರಿ? ಅದು ತಪ್ಪು ಅಂದ. ಪಿತ್ತದಿಂದ, ಕಫದಿಂದ, ವಾತದಿಂದ, ಋತು ಬದಲಾಗುವುದರಿಂದ, ಅಜಾಗ್ರತೆಯಿಂದ, ಇನ್ನೊಬ್ಬರು ಮೈಮೇಲೆ ಬೀಳುವುದರಿಂದಲೂ ನೋವು ಬರುತ್ತದೆ. ಕರ್ಮ ಎಂಟರಲ್ಲಿ ಒಂದು, ಕೊನೆಯದು. ಡೆಂಗಿ ಬಂದವನಿಗೆ ನೋವು ಸೊಳ್ಳೆಯಿಂದ ಬಂತು, ತೆರೆದ ಚರಂಡಿಯಿಂದ ಬಂತು. ಹೋದ ಜನ್ಮಕ್ಕೆ ಹೋಗುವ ಮುಂಚೆ ಚರಂಡಿ ನೋಡಬೇಕು.

ಅಳಿಯ: ಬಡತನ?

ಅತ್ತೆ: ಅದರ ಕಾರಣವನ್ನೂ ಹೆಸರು ಹಿಡಿದು ಹೇಳಿದ್ದಾನೆ. ದೀಘ ನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಬ್ಬ ರಾಜ ಎಲ್ಲ ಸರಿಯಾಗಿ ನಡೆಸುತ್ತಾನೆ, ಇಲ್ಲದವರಿಗೆ ಹಣ ಕೊಡುವುದೊಂದನ್ನು ಬಿಟ್ಟು. ಅದರಿಂದ ಬಡತನ ಹೆಚ್ಚಿತು. ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಅಲ್ಲಿಂದ ಸುಳ್ಳು. ಕೂಟದಂತ ಸುತ್ತದಲ್ಲಿ ದೊಡ್ಡ ಯಜ್ಞ ಮಾಡಹೊರಟ ರಾಜನಿಗೆ ಪುರೋಹಿತ ಹೇಳುತ್ತಾನೆ: ದಂಗೆಕೋರರನ್ನು ಕೊಂದು ಮುಗಿಸಲಾಗದು, ರೈತನಿಗೆ ಬೀಜ ಮೇವು ಕೊಡಿ, ವ್ಯಾಪಾರಿಗೆ ಬಂಡವಾಳ ಕೊಡಿ, ನೌಕರನಿಗೆ ಸಂಬಳ ಕೊಡಿ, ಎಲ್ಲರೂ ತಂತಮ್ಮ ಕೆಲಸದಲ್ಲಿ ತೊಡಗುತ್ತಾರೆ. ಎರಡು ಕಡೆಯೂ ಬಡವರ ಹೋದ ಜನ್ಮದ ಮಾತೇ ಇಲ್ಲ. ಆಳುವವನು ಏನು ಮಾಡಿದ, ಏನು ಮಾಡಲಿಲ್ಲ ಎಂಬುದಷ್ಟೇ.

ಅಂಬೇಡ್ಕರ್ ಹಿಡಿದುಕೊಂಡದ್ದು ಈ ಎಳೆಯನ್ನು. ‘ದಿ ಪ್ರಾಬ್ಲೆಮ್ ಆಫ್ ದಿ ರುಪೀ’ ಬರೆದ ಅರ್ಥಶಾಸ್ತ್ರಜ್ಞ ಅವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡರು, ಡಿಸೆಂಬರ್ 6ಕ್ಕೆ ಇಲ್ಲವಾದರು. ಮರುವರ್ಷ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹಿಂದಿನ ಜನ್ಮದ ಕರ್ಮವೆಂಬ ವಿವರಣೆಯನ್ನು ಅವರು ಸುತರಾಂ ಒಪ್ಪುವುದಿಲ್ಲ. ಹುಟ್ಟಿನಿಂದಲೇ ತುಳಿಸಿಕೊಂಡವನಿಗೆ, ಅದು ನಿನ್ನದೇ ತಪ್ಪು ಅಂದರೆ ತುಳಿದವನಿಗೆ ಬಿಡುಗಡೆ ಸಿಕ್ಕಂತೆ. ಸಂಪ್ರದಾಯದ ಭಿಕ್ಷುಗಳಿಗೆ ಆ ಪುಸ್ತಕದ ಬಗ್ಗೆ ತಕರಾರುಗಳಿವೆ, ಕೆಲವು ನ್ಯಾಯವಾದವೂ ಹೌದು. ಆದರೆ ಈ ವಿಷಯದಲ್ಲಿ ಅಂಬೇಡ್ಕರ್ ಬುದ್ಧನಿಗೆ ಹತ್ತಿರ ಇದ್ದಾರೆ ಎಂದೇ ನನ್ನ ನಂಬಿಕೆ.

ಅಳಿಯ: ತಪ್ಪು ಆಳುವವರದು, ಕಂಪನಿಯದು ಅಂತಾದರೆ ಸಾಲ ಮಾಡಿದವನ ಆಸೆಗೆ ಪಾಲಿಲ್ಲವೇ? ಹದಿನೆಂಟು ಸಾವಿರ ಸಂಬಳದ ಹುಡುಗ ಎಪ್ಪತ್ತು ಸಾವಿರದ ಫೋನು ಕಂತಿನಲ್ಲಿ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ತೃಷ್ಣೆ ಅಂದರೆ ಅದೇ ಅಲ್ಲವೇ?

ಅತ್ತೆ: ಅದೂ ಹೌದು. ದೀಘಜಾಣು ಎಂಬ ಕೋಲಿಯ ಗೃಹಸ್ಥ ಬುದ್ಧನ ಹತ್ತಿರ ಬಂದು, ನಾವು ಮಕ್ಕಳುಮರಿ ಇರುವವರು, ಗಂಧ ಪೂಸಿ ಹೂ ಮುಡಿಯುವವರು, ಚಿನ್ನಬೆಳ್ಳಿ ಮುಟ್ಟುವವರು, ನಮಗೆ ತಕ್ಕದ್ದು ಹೇಳಿ ಅಂದ. ಬುದ್ಧ ಬೈಯಲಿಲ್ಲ. ಮೈಬಗ್ಗಿಸಿ ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಜೊತೆ ಇರು, ವರಮಾನ ನೋಡಿಕೊಂಡು ಖರ್ಚು ಮಾಡು ಅಂದ. ಕೈ ತೀರ ಬಿಗಿಹಿಡಿದು ಹಸಿದು ಬದುಕುವುದನ್ನೂ ಅಲ್ಲಿ ತಪ್ಪು ಅಂದಿದ್ದಾನೆ. ಸಿಗಾಲನೆಂಬ ಹುಡುಗನಿಗೆ ಲೆಕ್ಕವನ್ನೇ ಕೊಟ್ಟ. ಆದಾಯ ನಾಲ್ಕು ಪಾಲು ಮಾಡು, ಒಂದರಲ್ಲಿ ಉಣ್ಣು, ಎರಡನ್ನು ಕಸುಬಿಗೆ ಹಾಕು, ಒಂದನ್ನು ಕಷ್ಟಕಾಲಕ್ಕೆ ಇಡು.

ಅಳಿಯ: ಇವತ್ತು ಬಾಡಿಗೆಗೇ ಎರಡು ಪಾಲು ಹೋಗುತ್ತದೆ.

ಅತ್ತೆ: ಹೋಗುತ್ತದೆ. ಆ ಲೆಕ್ಕ ಗಾರ್ಮೆಂಟ್ಸ್ ಹೆಂಗಸಿಗೆ ಒಪ್ಪುವುದಿಲ್ಲ, ಆ ಫೋನಿನ ಹುಡುಗನಿಗೆ ಒಪ್ಪುತ್ತದೆ, ನಿನಗೂ ಒಪ್ಪುತ್ತದೆ. ಆಸೆಯ ಮಾತನ್ನು ಹಸಿದವರಿಗೆ ಹೇಳುವುದಕ್ಕೆ ಮುಂಚೆ ಆಳವಿ ಎಂಬ ಊರಿನ ಕತೆ ನೆನೆಯಬೇಕು. ಅಲ್ಲಿ ಒಬ್ಬ ಬಡ ರೈತನ ಎತ್ತು ಕಳೆದುಹೋಯಿತು. ಹುಡುಕಿ ಹುಡುಕಿ, ಹಸಿದು, ಹೊತ್ತು ಮೀರಿ ಬುದ್ಧನ ಪ್ರವಚನಕ್ಕೆ ಬಂದ. ಊರಿಗೆ ಊರೇ ಕೂತಿದ್ದರೂ ಬುದ್ಧ ಅವನಿಗೆಂದೇ ಕಾಯುತ್ತಿದ್ದ. ಬಂದೊಡನೆ ಮೊದಲು ಅವನಿಗೆ ಊಟ ಹಾಕಿಸಿದ. ಅವನು ಉಂಡ ಮೇಲೆ ಧಮ್ಮ ಹೇಳಿದ.

ಅಳಿಯ: ನನಗೆ ಸಂಬಳ ಕೊಡುವವರು ಇದನ್ನು ಕೇಳಿಸಿಕೊಳ್ಳುತ್ತಾರೆಯೇ? ಅಲ್ಲಿ ಟಾರ್ಗೆಟ್ ಒಂದೇ ಭಾಷೆ.

ಅತ್ತೆ: ಸಿಗಾಲನಿಗೆ ಹೇಳಿದ್ದರಲ್ಲಿ ನಿನ್ನ ಯಜಮಾನರಿಗೂ ಐದು ಮಾತಿವೆ. ಆಳಿನ ಶಕ್ತಿ ನೋಡಿ ಕೆಲಸ ಕೊಡಬೇಕು, ಅನ್ನ ಸಂಬಳ ಕೊಡಬೇಕು, ಕಾಯಿಲೆ ಬಿದ್ದಾಗ ನೋಡಿಕೊಳ್ಳಬೇಕು, ಮನೆಯಲ್ಲಿ ವಿಶೇಷ ಅಡುಗೆಯಾದರೆ ಹಂಚಿಕೊಳ್ಳಬೇಕು, ಹೊತ್ತಿಗೆ ರಜೆ ಕೊಡಬೇಕು. ಆಳು ಯಜಮಾನನಿಗೆ ಏನು ಮಾಡಬೇಕೆಂಬುದು ಆಮೇಲೆ ಬರುತ್ತದೆ. ಮೊದಲ ಹೊಣೆ ಯಜಮಾನನದು. ನಿಮ್ಮವರು ಕೇಳಿಸಿಕೊಳ್ಳುತ್ತಾರೋ ಇಲ್ಲವೋ, ನಿನ್ನ ಕೈಯಲ್ಲಿರುವುದು ನಿನ್ನ ಬಾಯಿ. ಪರದೆಯ ಮೇಲಿನ ಮಾತು ಸುಳ್ಳೋ ನಿಜವೋ?

ಅಳಿಯ: ಅರ್ಧ ಸುಳ್ಳು. ನಾಳೆಯೇ ಮನೆಗೆ ಜನ ಬರುತ್ತಾರೆ, ಕೇಸು ಆಗಿದೆ ಅನ್ನುವುದೆಲ್ಲ ಹೆದರಿಸಲಿಕ್ಕೆ.

ಅತ್ತೆ: ಹಾಗಾದರೆ ಅದನ್ನು ಓದಬೇಡ. ಹೊತ್ತು ನೋಡಿ, ನಿಜವಾದದ್ದನ್ನು, ಮೃದುವಾಗಿ, ಉಪಯೋಗಕ್ಕೆ ಬರುವಂತೆ, ಹಿತ ಬಯಸಿ ಹೇಳಬೇಕು ಎನ್ನುವುದು ಬುದ್ಧನ ಮಾತು. ಹೊತ್ತಿನ ವಿಷಯದಲ್ಲಿ ರಿಸರ್ವ್ ಬ್ಯಾಂಕೇ 2022ರ ಆಗಸ್ಟ್‌ನಲ್ಲಿ ಗೆರೆ ಎಳೆದಿದೆ, ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಸಾಲಗಾರರಿಗೆ ಕರೆ ಮಾಡಬಾರದು. ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ್ದರಲ್ಲೂ ಸತ್ಯ ಹೇಳಬೇಕೆಂಬುದು ಇದೆ. ಇಲ್ಲಿಂದ ಎರಡು ಗಂಟೆಯ ದಾರಿ, ಒಂದು ದಿನ ಕರೆದುಕೊಂಡು ಹೋಗುತ್ತೇನೆ.

ಅಳಿಯ: ಕಾಯಿಲೆ, ಸಾವು, ಕೆಲಸ ಹೋದದ್ದು, ಇಂಥ ಪ್ರಕರಣಗಳನ್ನು ಬೇರೆ ಮಾಡಿ ಮ್ಯಾನೇಜರ್‌ಗೆ ಕಳಿಸುವ ಅವಕಾಶ ಸಿಸ್ಟಮ್‌ನಲ್ಲಿದೆ. ಕಂತು ಮುಂದೂಡಬಹುದು, ದಂಡ ಮನ್ನಾ ಮಾಡಬಹುದು. ಯಾರೂ ಬಳಸುವುದಿಲ್ಲ. ಬಳಸಿದರೆ ನಮ್ಮ ಸಂಖ್ಯೆ ಇಳಿಯುತ್ತದೆ, ಇನ್ಸೆಂಟಿವ್ ಹೋಗುತ್ತದೆ.

ಅತ್ತೆ: ನೀನು ಬಳಸು. ಇನ್ಸೆಂಟಿವ್ ಹೋಗಲಿ.

ಅಳಿಯ: ಅವರು ಒಪ್ಪದಿದ್ದರೆ? ಕೆಲಸವನ್ನೇ ಬಿಡಬೇಕೇ? ನಾನು ಬಿಟ್ಟರೆ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂತು ಅದೇ ಮಾತು ಓದುತ್ತಾನೆ.

ಅತ್ತೆ: ಓದಬಹುದು. ಅದರಿಂದ ನೀನು ಓದುವುದು ಸರಿಯಾಗುವುದಿಲ್ಲ. ಬಿಡು ಅಂತಲೂ ನಾನು ಹೇಳುವುದಿಲ್ಲ. ಗುರು ಹೇಳಿದ, ಗ್ರಂಥದಲ್ಲಿದೆ ಎಂಬ ಕಾರಣಕ್ಕೇ ಒಪ್ಪಬೇಡಿ, ಇದು ಕೇಡು ತರುತ್ತದೆ ಎಂದು ನೀವೇ ತಿಳಿದಾಗ ಬಿಡಿ ಎಂದು ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ. ಅತ್ತೆ ಹೇಳಿದಳು ಅಂತ ಕೆಲಸ ಬಿಡುವುದಕ್ಕೂ ಅದೇ ಮಾತು. ಮಾರ್ಚ್ ಮುಗಿಯುವವರೆಗೆ ಮಾಡಿ ನೋಡು. ಎಷ್ಟು ಪ್ರಕರಣ ಮೇಲೆ ಕಳಿಸಿದೆ, ಎಷ್ಟಕ್ಕೆ ಉತ್ತರ ಬಂತು, ಬರೆದಿಡು. ನೂರರಲ್ಲಿ ಇಪ್ಪತ್ತು ಮನೆಗಾದರೂ ಉಸಿರಾಡುವಷ್ಟು ಸಮಯ ಸಿಕ್ಕರೆ ಆ ಕುರ್ಚಿಯಲ್ಲಿ ನೀನೇ ಇರುವುದು ಒಳ್ಳೆಯದು. ಒಂದಕ್ಕೂ ಬರದಿದ್ದರೆ, ಹೆದರಿಸಲೇಬೇಕೆಂದು ಒತ್ತಾಯ ಬಂದರೆ, ಬೇರೆ ಕಡೆ ಅರ್ಜಿ ಹಾಕು.

ಅಳಿಯ: ಫ್ಲ್ಯಾಟ್‌ನ ಕಂತು ಅರ್ಜಿಗೆ ಕಾಯುವುದಿಲ್ಲ ಅತ್ತೆ.

ಅತ್ತೆ: ಆರು ತಿಂಗಳ ಕಂತು ನನ್ನ ಪಿಂಚಣಿಯಿಂದ ಕಟ್ಟೋಣ.

ಅಳಿಯ: ಬೇಡ ಅತ್ತೆ, ನಿಮ್ಮ ದುಡ್ಡು…

ಅತ್ತೆ: ದಾನ ಅಂತ ಕೊಡುವುದಿಲ್ಲ, ನಿನಗೂ ಮರ್ಯಾದೆ ಇದೆ. ಸಾಲ ಅಂತಲೇ ಬರೆದುಕೊಡು. ಬಡ್ಡಿ ಬೇಡ. ಯಾವಾಗ ತೀರಿಸುತ್ತೀಯೋ ಆ ತಾರೀಖನ್ನು ನೀನೇ ಹಾಕು, ಆಗದಿದ್ದರೆ ಬಂದು ಹೇಳು, ಮತ್ತೆ ಕೂತು ಮಾತಾಡೋಣ.